ಮಿಸ್ಟರ್ ಬೀನ್ ನಿಜವಾಗಿ ವಾಪಸ್ ಬಂದಿದ್ದಾನಾ? ಟ್ರೆವರ್ ಬಿಂಗ್ಲಿ ಸುತ್ತಲಿನ ಗೊಂದಲ

2025ರ ಡಿಸೆಂಬರ್ 11ರಂದು ನೆಟ್‌ಫ್ಲಿಕ್ಸ್‌ನಲ್ಲಿ ‘ಮ್ಯಾನ್ ವರ್ಸಸ್ ಬೇಬಿ’ ಎಂಬ ನಾಲ್ಕು ಕಂತಿನ ಹಾಸ್ಯ ಸರಣಿ ಬಂತು. ಬಂದದ್ದೇ ತಡ, ‘ಮಿಸ್ಟರ್ ಬೀನ್ ವಾಪಸ್’ ಅನ್ನುವ ಮಾತು ಎಲ್ಲ ಕಡೆ ಹರಡಿತು. ಟ್ರೇಲರ್ ನೋಡಿದವರಿಗೆ ಕಂಡಿದ್ದೂ ಅದೇ ಮುಖ, ಅದೇ ಹುಬ್ಬು, ಅದೇ ಪೇಚಾಟ. ಆದರೆ ಸರಣಿ ಹಾಕಿ ಕೂತರೆ ಪಾತ್ರದ ಹೆಸರು ಟ್ರೆವರ್ ಬಿಂಗ್ಲಿ. ಅವನು ಚೆನ್ನಾಗಿಯೇ ಮಾತಾಡುತ್ತಾನೆ. ಅವನಿಗೊಬ್ಬ ಮಗಳಿದ್ದಾಳೆ, ದೂರವಾದ ಹೆಂಡತಿಯಿದ್ದಾಳೆ. ಟೆಡ್ಡಿ ಗೊಂಬೆ ಇಲ್ಲ, ಹಸಿರು ಮಿನಿ ಕಾರೂ ಇಲ್ಲ.

ಹಾಗಾದ್ರೆ ಇದು ಬೀನ್ ಹೌದೋ ಅಲ್ವೋ? ಅಲ್ಲದಿದ್ದರೆ ಎರಡೂ ಪಾತ್ರ ಮಾಡಿದ ನಟ ರೋವನ್ ಅಟ್ಕಿನ್ಸನ್ ಬೀನ್ ಆಗಿಯೇ ಯಾಕೆ ಬರಲಿಲ್ಲ? ಮಕ್ಕಳ ಚಾನೆಲ್‌ನಲ್ಲಿ ಓಡುವ ಕಾರ್ಟೂನ್ ಬೀನ್ ಯಾರದು? ಈ ಪ್ರಶ್ನೆಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು. ಯಾಕೆಂದರೆ ಉತ್ತರ ಒಬ್ಬ ನಟನ ಇಷ್ಟಾನಿಷ್ಟದಲ್ಲಿ ಮಾತ್ರ ಇಲ್ಲ. ವಯಸ್ಸು, ಹಕ್ಕು, ದುಡ್ಡು, ಮೊಬೈಲ್ ಪರದೆ ಎಲ್ಲವೂ ಇದರಲ್ಲಿ ಸೇರಿಕೊಂಡಿವೆ.

ಬೀನ್ ಅಂದರೆ ಒಟ್ಟು ಎಷ್ಟು?

ಬಹಳ ಜನ ನೂರಾರು ಎಪಿಸೋಡ್ ಇದ್ದಾವೆ ಅಂದುಕೊಂಡಿದ್ದಾರೆ. ನಿಜವಾದ ಮನುಷ್ಯ ನಟಿಸಿದ ಮೂಲ ಸರಣಿ ಇರುವುದು ಬರೀ 15 ಕಂತು. ಮೊದಲನೆಯದು ಬ್ರಿಟನ್ನಿನ ಐಟಿವಿಯಲ್ಲಿ 1990ರ ಜನವರಿ 1ರಂದು ಬಂತು. 1995ಕ್ಕೆ ಎಲ್ಲ ಮುಗಿಯಿತು. ಒಂದೊಂದು ಕಂತು ಸುಮಾರು 25 ನಿಮಿಷ. ಅಂದರೆ ಪೂರ್ತಿ ಬೀನ್ ಆರು ಗಂಟೆ ಚಿಲ್ಲರೆ. ಒಂದು ರಜಾದಿನದಲ್ಲಿ ಕೂತು ನೋಡಿ ಮುಗಿಸಬಹುದು.

ಆ ಆರು ಗಂಟೆಯೇ ಜಗತ್ತು ಸುತ್ತಿತು. ಮೊದಲ ಕಂತಿಗೇ ಸ್ವಿಟ್ಜರ್ಲೆಂಡಿನ ಮಾಂಟ್ರೋ ಟಿವಿ ಉತ್ಸವದ ಚಿನ್ನದ ಗುಲಾಬಿ ಪ್ರಶಸ್ತಿ ಸಿಕ್ಕಿತು. 1992ರ ಹೊಸ ವರ್ಷದ ದಿನ ಬಂದ ಕಂತನ್ನು, ಅದೇ ಕಾರು ಓಡಿಸುತ್ತಲೇ ಬಟ್ಟೆ ಹಾಕಿಕೊಂಡು ಹಲ್ಲುಜ್ಜುವ ಕಂತನ್ನು, ಬ್ರಿಟನ್ನಿನಲ್ಲಿ 1.8 ಕೋಟಿಗೂ ಹೆಚ್ಚು ಜನ ನೋಡಿದರು. ಆಗ ಆ ದೇಶದ ಜನಸಂಖ್ಯೆ 6 ಕೋಟಿಯೂ ಇರಲಿಲ್ಲ. ಆಮೇಲೆ 1997ರಲ್ಲಿ ಒಂದು ಸಿನಿಮಾ, 2007ರಲ್ಲಿ ಇನ್ನೊಂದು. ಎರಡೂ ತಲಾ 20 ಕೋಟಿ ಡಾಲರ್‌ಗಿಂತ ಜಾಸ್ತಿ ಗಳಿಸಿದವು.

ಇದು ಆಕಸ್ಮಿಕ ಅಲ್ಲ. ಬೀನ್ ಹುಟ್ಟಿದ್ದೇ ಭಾಷೆಯ ಗಡಿ ದಾಟುವ ಲೆಕ್ಕಾಚಾರದಲ್ಲಿ. ಅಟ್ಕಿನ್ಸನ್ ಆಕ್ಸ್‌ಫರ್ಡ್‌ನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ನಲ್ಲಿ ಎಂಎಸ್ಸಿ ಮಾಡುವಾಗಲೇ ಈ ಪಾತ್ರದ ಮೊಳಕೆ ಇತ್ತು. ಜೊತೆಗೆ ಬರೆದವರು ರಿಚರ್ಡ್ ಕರ್ಟಿಸ್. 1987ರಲ್ಲಿ ಕೆನಡಾದ ಮಾಂಟ್ರಿಯಲ್ ಹಾಸ್ಯೋತ್ಸವಕ್ಕೆ ಹೋದಾಗ ಅಟ್ಕಿನ್ಸನ್ ತಮ್ಮನ್ನು ಇಂಗ್ಲಿಷ್ ಕಾರ್ಯಕ್ರಮಕ್ಕೆ ಹಾಕಬೇಡಿ, ಫ್ರೆಂಚ್ ಕಾರ್ಯಕ್ರಮಕ್ಕೆ ಹಾಕಿ ಅಂತ ಕೇಳಿದರು. ತಮ್ಮ ಭಾಷೆ ಬಾರದ ಜನ ಬರೀ ಮೈ ನೋಡಿ ನಗುತ್ತಾರಾ ಅನ್ನುವ ಪರೀಕ್ಷೆ ಅದು. ನಕ್ಕರು.

ನಮ್ಮಲ್ಲೂ ಅದೇ ಆಯಿತು. ಪೋಗೋ ಚಾನೆಲ್ ಮೂಲಕ ಬೀನ್ ಕನ್ನಡದ ಮನೆಗಳಿಗೆ ಬಂದಾಗ ಯಾರಿಗೂ ಡಬ್ಬಿಂಗ್ ಬೇಕಾಗಲಿಲ್ಲ. ಇಂಗ್ಲಿಷ್ ಓದಿದ ಮಗನೂ ಓದದ ಅಜ್ಜಿಯೂ ಒಂದೇ ಹೊತ್ತಿಗೆ ನಕ್ಕರು. ಬೀನ್ ಬಗ್ಗೆ ಇಲ್ಲಿಯವರಿಗೂ ಇಷ್ಟು ಸಲಿಗೆ ಇರುವುದು ಅದಕ್ಕೇ.

ಬಿಂಗ್ಲಿ ಯಾಕೆ ಬೀನ್ ಅಲ್ಲ?

ಟ್ರೆವರ್ ಬಿಂಗ್ಲಿ ಮೊದಲು ಬಂದಿದ್ದು 2022ರ ಜೂನ್‌ನಲ್ಲಿ, ‘ಮ್ಯಾನ್ ವರ್ಸಸ್ ಬೀ’ ಸರಣಿಯಲ್ಲಿ. ಅಟ್ಕಿನ್ಸನ್ ಮತ್ತು ವಿಲಿಯಂ ಡೇವಿಸ್ ಸೇರಿ ಬರೆದದ್ದು, ಡೇವಿಡ್ ಕೆರ್ ನಿರ್ದೇಶನ. ಶ್ರೀಮಂತರು ಊರಿಗೆ ಹೋದಾಗ ಅವರ ಮನೆ ಕಾಯುವ ಕೆಲಸ ಬಿಂಗ್ಲಿಯದು. ಆ ಮನೆಗೆ ಒಂದು ದುಂಬಿ ನುಗ್ಗುತ್ತದೆ. ಅದನ್ನು ಓಡಿಸಲು ಹೋಗಿ ಅವನು ಹಳೆಯ ಜಾಗ್ವಾರ್ ಕಾರಿನಿಂದ ಹಿಡಿದು ಬೆಲೆಬಾಳುವ ಚಿತ್ರಗಳವರೆಗೆ ಎಲ್ಲ ಹಾಳು ಮಾಡುತ್ತಾನೆ. ಕೊನೆಗೆ ಕೋರ್ಟ್ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ. ಹೊಸ ಸರಣಿಯಲ್ಲಿ ಶಾಲೆಯೊಂದರ ಕೇರ್‌ಟೇಕರ್ ಆಗಿದ್ದವನು ಕ್ರಿಸ್‌ಮಸ್ ಹೊತ್ತಿಗೆ ಲಂಡನ್ನಿನ ದುಬಾರಿ ಫ್ಲಾಟ್ ಕಾಯಲು ಒಪ್ಪಿಕೊಳ್ಳುತ್ತಾನೆ. ಶಾಲೆಯ ನಾಟಕದಲ್ಲಿ ಬಾಲ ಯೇಸು ಆಗಿದ್ದ ಕೂಸನ್ನು ಯಾರೂ ಕರೆದುಕೊಂಡು ಹೋಗುವುದಿಲ್ಲ, ಅದು ಇವನ ಕೈಗೆ ಬೀಳುತ್ತದೆ.

ನೋಡಲು ಬೀನ್ ಕಥೆಯ ಹಾಗೇ ಇದೆ. ವ್ಯತ್ಯಾಸ ಇರುವುದು ಆಮೇಲೆ ಏನಾಗುತ್ತದೆ ಅನ್ನುವುದರಲ್ಲಿ.

ಬೀನ್‌ಗೆ ನಷ್ಟ ಅನ್ನುವುದೇ ಇಲ್ಲ. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ಕದಿಯುತ್ತಾನೆ, ಚರ್ಚ್‌ನಲ್ಲಿ ಪ್ರಾರ್ಥನೆ ನಡುವೆ ನಿದ್ದೆಗೆ ಜಾರಿ ನೆಲಕ್ಕೆ ಬೀಳುತ್ತಾನೆ, ಕ್ರಿಸ್‌ಮಸ್ ಅಡುಗೆಯ ಟರ್ಕಿ ಕೋಳಿಯೊಳಗೆ ತಲೆ ಸಿಕ್ಕಿಸಿಕೊಳ್ಳುತ್ತಾನೆ. ಮುಂದಿನ ಕಂತಿನಲ್ಲಿ ಎಲ್ಲ ಹೊಸದು. ಅವನಿಗೆ ಅಪ್ಪ ಅಮ್ಮ ಯಾರು, ಕೆಲಸ ಏನು, ಬಾಡಿಗೆ ಹೇಗೆ ಕಟ್ಟುತ್ತಾನೆ, ಸರಣಿ ಏನನ್ನೂ ಹೇಳುವುದಿಲ್ಲ. ಶೀರ್ಷಿಕೆಯಲ್ಲೇ ಅವನು ಆಕಾಶದ ಬೆಳಕಿನ ಕಂಬದಿಂದ ರಸ್ತೆಗೆ ಬೀಳುತ್ತಾನೆ, ಬೇರೆ ಲೋಕದವನ ಹಾಗೆ. ಜೊತೆಗೆ ಅವನು ಒಳ್ಳೆಯವನೂ ಅಲ್ಲ. ಸ್ವಾರ್ಥಿ, ಹೊಟ್ಟೆಕಿಚ್ಚಿನವನು, ಮೂರು ಚಕ್ರದ ಆ ನೀಲಿ ಕಾರನ್ನು ಕಂಡಾಗಲೆಲ್ಲ ಉರುಳಿಸುವವನು. ಅವನ ಮೇಲೆ ನಮಗೆ ಕನಿಕರ ಬರುವುದಿಲ್ಲ, ಅದಕ್ಕೇ ನಗು ಅಷ್ಟು ಸಲೀಸಾಗಿ ಬರುತ್ತದೆ.

ಬಿಂಗ್ಲಿ ಹಾಗಲ್ಲ. ಅವನು ಪಾಪದ ಮನುಷ್ಯ. ಕೆಲಸ ಹೋದರೆ ಮುಂದಿನ ತಿಂಗಳು ಕಷ್ಟ. ಮಗಳು ಮ್ಯಾಡಿಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕು. ಅವನ ಕೈಯಲ್ಲಿ ಏನಾದರೂ ಒಡೆದರೆ ನಾವು ಮೊದಲು ‘ಅಯ್ಯೋ’ ಅನ್ನುತ್ತೇವೆ, ಆಮೇಲೆ ನಗುತ್ತೇವೆ. ನಗುವಿನ ಬಗೆಯೇ ಬೇರೆ. ಬೀನ್ ಬೇಕು ಅಂತ ಕೂತವರಿಗೆ ‘ಏನೋ ಸಪ್ಪೆ’ ಅನಿಸುವುದಕ್ಕೆ ಇದೇ ಕಾರಣ, ಸರಣಿ ಇಷ್ಟಪಟ್ಟವರಿಗೆ ಇದೇ ಅದರ ಗುಣ. ಇಬ್ಬರೂ ನೋಡುತ್ತಿರುವುದು ಒಂದನ್ನೇ.

35ರಲ್ಲಿ ನಗು, 70ರಲ್ಲಿ ಆತಂಕ

ಅಟ್ಕಿನ್ಸನ್ ಹುಟ್ಟಿದ್ದು 1955ರ ಜನವರಿ 6. ಬೀನ್ ಶುರುವಾದಾಗ 35 ತುಂಬುವುದರಲ್ಲಿದ್ದರು. ಹೊಸ ಸರಣಿ ಬಂದಾಗ 70. ಈ ಎರಡು ಸಂಖ್ಯೆಗಳ ನಡುವೆ ಹಾಸ್ಯದ ಅರ್ಥವೇ ಬದಲಾಗುತ್ತದೆ.

ಬೀನ್ ದೊಡ್ಡವರ ಮೈಯೊಳಗಿರುವ ಮಗು. ಅಟ್ಕಿನ್ಸನ್ ಅವನನ್ನು ವಿವರಿಸುವುದೇ ಹಾಗೆ. ಮೂವತ್ತೈದರ ಗಟ್ಟಿಮುಟ್ಟಾದ ಮನುಷ್ಯ ಒಂಬತ್ತು ವರ್ಷದ ಹುಡುಗನ ಹಾಗೆ ಹಠ ಮಾಡಿದರೆ ನಗು ಬರುತ್ತದೆ, ಯಾಕೆಂದರೆ ಅವನಿಗೆ ಏನೂ ಆಗುವುದಿಲ್ಲ ಅಂತ ನಮಗೆ ಗೊತ್ತು. ಅದೇ ಮನುಷ್ಯ ಎಪ್ಪತ್ತರಲ್ಲಿ ಒಂಟಿಯಾಗಿ, ಟೆಡ್ಡಿ ಹಿಡಿದುಕೊಂಡು, ಅಂಗಡಿಯಲ್ಲಿ ಏನು ಮಾಡಬೇಕು ಅಂತ ತಿಳಿಯದೆ ನಿಂತರೆ? ಇವರಿಗೆ ಆರೋಗ್ಯ ಸರಿಯಿಲ್ವಾ, ಮನೆಯವರು ಯಾರೂ ಇಲ್ವಾ ಅನ್ನುವ ಯೋಚನೆ ತಾನಾಗಿ ಬರುತ್ತದೆ. ನಟನೆ ಅಷ್ಟೇ ಚೆನ್ನಾಗಿರಬಹುದು. ನೋಡುವವರ ಮನಸ್ಸು ಬೇರೆ ಕಡೆ ಹೊರಳಿರುತ್ತದೆ.

ಇದನ್ನು ಮೊದಲು ಗಮನಿಸಿದವರು ಅಟ್ಕಿನ್ಸನ್ ಅವರೇ. ಐವತ್ತು ದಾಟಿದವರು ಮಕ್ಕಳಂತೆ ಆಡಿದರೆ ಅದರಲ್ಲಿ ಒಂದು ಬೇಸರ ಸೇರಿಕೊಳ್ಳುತ್ತದೆ ಎಂಬ ಅರ್ಥದ ಮಾತನ್ನು 2012ರಲ್ಲೇ ಹೇಳಿದ್ದರು. 2021ರಲ್ಲಿ ಇನ್ನೂ ನೇರವಾಗಿ ಹೇಳಿದರು. ಬೀನ್ ಪಾತ್ರ ಮಾಡುವುದು ಅವರಿಗೆ ಅಂಥ ಖುಷಿ ಕೊಡುವುದಿಲ್ಲ, ಅದರ ಹೊಣೆ ಭಾರ, ಕೆಲಸ ಸುಸ್ತು ಮಾಡಿಸುತ್ತದೆ, ಯಾವಾಗ ಮುಗಿಯುತ್ತದೋ ಅನಿಸುತ್ತದೆ. ಮೈಯಿಂದ ನಟಿಸುವುದಕ್ಕಿಂತ ದನಿ ಕೊಡುವುದು ಎಷ್ಟೋ ಹಗುರ ಅಂತಲೂ ಅಂದರು. ಮಾತಿನ ಹಾಸ್ಯದಲ್ಲಿ ಬರೆದವರು, ಎದುರಿನ ನಟರು, ಸಂಭಾಷಣೆ ಎಲ್ಲ ಸೇರಿ ದೃಶ್ಯ ಎತ್ತುತ್ತಾರೆ. ಬೀನ್‌ನಲ್ಲಿ ಇಡೀ ಕಂತು ಒಬ್ಬರ ಮುಖ, ಭುಜ, ಮೊಣಕಾಲಿನ ಮೇಲೆ ನಿಂತಿರುತ್ತದೆ. ಒಂದು ಸೆಕೆಂಡ್ ಆಚೀಚೆ ಆದರೂ ನಗು ಹೋಯಿತು.

ಹಾಗಂತ ಅವರು ಬೀನ್‌ನನ್ನು ಪೂರ್ತಿ ಕೈಬಿಟ್ಟಿದ್ದೂ ಇಲ್ಲ. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಒಂದು ಬೆರಳಿಂದ ಕೀಬೋರ್ಡ್ ಒತ್ತುತ್ತಾ ಕೂತದ್ದು ನೆನಪಿರಬೇಕು. 2014ರಲ್ಲಿ ಒಂದು ಚಾಕೊಲೇಟ್ ಜಾಹೀರಾತು, 2015ರಲ್ಲಿ ಸಹಾಯಾರ್ಥ ಕಾರ್ಯಕ್ರಮಕ್ಕೆ ಒಂದು ಪ್ರಹಸನ, 2017ರಲ್ಲಿ ಒಂದು ಚೀನೀ ಸಿನಿಮಾದಲ್ಲಿ ಸಣ್ಣ ಪಾತ್ರ. ಎಲ್ಲವೂ ನಿಮಿಷಗಳ ಲೆಕ್ಕ. ಸರಣಿಯ ಭಾರ ಹೊರುವ ಪ್ರಶ್ನೆ ಬಂದಾಗ ಮಾತ್ರ ಅವರು ಹಿಂದೆ ಸರಿಯುತ್ತಾರೆ.

ಚಾರ್ಲಿ ಚಾಪ್ಲಿನ್‌ಗೂ ಇದೇ ಸಂಕಟ ಬಂದಿತ್ತು. ಟೋಪಿ, ಬೆತ್ತ, ಸಣ್ಣ ಮೀಸೆಯ ಅಲೆಮಾರಿ 1914ರಿಂದ ಇದ್ದವನು. ಕೊನೆಯ ಬಾರಿ ಬಂದಿದ್ದು 1936ರ ‘ಮಾಡರ್ನ್ ಟೈಮ್ಸ್’ನಲ್ಲಿ. 1940ರ ‘ದಿ ಗ್ರೇಟ್ ಡಿಕ್ಟೇಟರ್’ನಲ್ಲಿ ಅದೇ ಮೀಸೆ, ಅದೇ ನಡಿಗೆಯ ಕ್ಷೌರಿಕ ಇದ್ದಾನೆ, ಆದರೆ ಅವನು ಮಾತಾಡುತ್ತಾನೆ, ಅವನಿಗೊಂದು ಊರು, ಒಂದು ಸಮುದಾಯ ಇದೆ. ಅವನು ಅಲೆಮಾರಿಯೇ ಅಂದವರೂ ಇದ್ದರು, ಅಲ್ಲ ಅಂದವರೂ ಇದ್ದರು. ಪಾತ್ರವನ್ನು ಮುಗಿಸಿ ಅದರ ಮೈಕಲೆಯನ್ನು ಉಳಿಸಿಕೊಳ್ಳುವ ದಾರಿ ಅದು. ಬಿಂಗ್ಲಿಯೂ ಅದೇ ದಾರಿಯಲ್ಲಿ ಬಂದವನು ಅನ್ನುವುದು ನನ್ನ ಓದು.

ಹೆಸರು ಒಬ್ಬರದು, ಮೈ ಇನ್ನೊಬ್ಬರದು

ಈಗ ಹಕ್ಕಿನ ವಿಷಯ. ಬೀನ್ ತಯಾರಿಸಿದ್ದು ಟೈಗರ್ ಟೆಲಿವಿಷನ್, ಆಮೇಲೆ ಟೈಗರ್ ಆಸ್ಪೆಕ್ಟ್ ಆದ ಕಂಪನಿ. ಅದು ಎಂಡೆಮೋಲ್ ಎಂಬ ಟಿವಿ ಸಂಸ್ಥೆಯ ಕೈಗೆ ಹೋಯಿತು, ಮುಂದೆ ಎಂಡೆಮೋಲ್ ಶೈನ್ ಆದ ಆ ಸಂಸ್ಥೆಯನ್ನು 2020ರಲ್ಲಿ ಬನಿಜೇ ಎಂಬ ಫ್ರೆಂಚ್ ಮೂಲದ ದೊಡ್ಡ ಸಂಸ್ಥೆ ಕೊಂಡಿತು. ಹಾಗಾಗಿ ಬೀನ್ ಎಂಬ ಬ್ರಾಂಡ್‌ನ ವ್ಯವಹಾರ ಇವತ್ತು ನಡೆಯುವುದು ಆ ಮನೆಯಲ್ಲಿ. ಬಿಂಗ್ಲಿ ಇದರಿಂದ ಹೊರಗಿನವನು, ನೆಟ್‌ಫ್ಲಿಕ್ಸ್‌ಗಾಗಿ ಹೊಸದಾಗಿ ಹುಟ್ಟಿದವನು.

ಹಕ್ಕು ಇಟ್ಟುಕೊಂಡವರಿಗೆ ಹೊಸ ಬೀನ್ ಸರಣಿ ಅಷ್ಟು ತುರ್ತಾಗಿಯೂ ಬೇಕಿಲ್ಲ. ಹಳೆಯ 15 ಕಂತುಗಳನ್ನು ತುಂಡು ತುಂಡು ಮಾಡಿ ಯೂಟ್ಯೂಬ್, ಫೇಸ್‌ಬುಕ್‌ಗೆ ಹಾಕಿದರೆ ಸಾಕು, ಜನ ನೋಡುತ್ತಾರೆ. ಬೀನ್ ಫೇಸ್‌ಬುಕ್ ಪುಟದ ಹಿಂಬಾಲಕರು ಹತ್ತು ಕೋಟಿ ದಾಟಿ ಎಷ್ಟೋ ಕಾಲವಾಯಿತು. ಮಾತಿಲ್ಲದ ಎರಡು ನಿಮಿಷದ ತುಣುಕಿಗೆ ಸಬ್‌ಟೈಟಲ್ ಬೇಡ, ಡಬ್ಬಿಂಗ್ ಬೇಡ, ಯಾವ ದೇಶದಲ್ಲಿ ಹಾಕಿದರೂ ಓಡುತ್ತದೆ. 1990ರಲ್ಲಿ ಯಾರೂ ಊಹಿಸಿರದ ಮೊಬೈಲ್ ಪರದೆಗೆ ಬೀನ್ ಹೇಳಿ ಮಾಡಿಸಿದಂತಿದ್ದಾನೆ.

ಕಾರ್ಟೂನ್ ಇನ್ನೊಂದು ಕವಲು. ಅದು 2002ರಿಂದ 2004ರವರೆಗೆ ಬಂತು, ಮತ್ತೆ 2015ರಿಂದ 2019ರವರೆಗೆ. ಎಲ್ಲ ಸೇರಿ ನೂರಕ್ಕೂ ಹೆಚ್ಚು ಕಂತು. ಅಟ್ಕಿನ್ಸನ್ ದನಿ ಕೊಟ್ಟರು, ಬೀನ್‌ನ ಚಲನೆಗೆ ಮಾದರಿಯೂ ಅವರದೇ. ಹೊಸ ಸೀಸನ್ ಮಾಡುವುದಾಗಿ 2023ರಲ್ಲಿ ಪ್ರಕಟಣೆ ಬಂತು. ‘ಬೀನ್ ಹೊಸ ಸರಣಿ’ ಎಂಬ ಸುದ್ದಿಯಲ್ಲಿ ನಿಜ ಇದ್ದರೆ ಅದು ಈ ಕಾರ್ಟೂನ್ ಬಗ್ಗೆ. ಆ ಸುದ್ದಿಗೆ ಬಿಂಗ್ಲಿಯ ಫೋಟೋ ಅಂಟಿಸಿದಾಗ ಗೊಂದಲ ದುಪ್ಪಟ್ಟಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಹಳೆಯ ತುಣುಕುಗಳು ದಿನವೂ ಮೊಬೈಲ್‌ನಲ್ಲಿ ಬರುವುದರಿಂದ ಜನರ ಕಣ್ಣಿಗೆ ಬೀನ್ ಇನ್ನೂ ಮೂವತ್ತೈದರವನೇ. ನಿನ್ನೆ ರಾತ್ರಿ ಅವನು ಮಿನಿ ಕಾರಿನ ಮೇಲೆ ಆರಾಮಕುರ್ಚಿ ಕಟ್ಟಿ, ಅದರ ಮೇಲೆ ಕೂತು ಓಡಿಸಿದ್ದನ್ನು ನೋಡಿ ಮಲಗಿರುತ್ತೇವೆ. ಬೆಳಗ್ಗೆ ಎಪ್ಪತ್ತರ ಬಿಂಗ್ಲಿಯನ್ನು ಕಂಡಾಗ ‘ಎಷ್ಟು ವಯಸ್ಸಾಯ್ತಲ್ಲ’ ಅನಿಸುತ್ತದೆ. ಬೀನ್ ಮರೆಯಾಗಿದ್ದರೆ ವಾಪಸ್ ಬರುವುದು ಸುಲಭವಿತ್ತು. ಎಲ್ಲೂ ಹೋಗದವನು ವಾಪಸ್ ಬಂದರೆ ಅವನು ತನ್ನದೇ ಹಳೆಯ ಮುಖದ ಜೊತೆ ಪೈಪೋಟಿ ಮಾಡಬೇಕು. ಅಟ್ಕಿನ್ಸನ್ ಆ ಪೈಪೋಟಿಗೆ ಇಳಿಯದೆ ಹೊಸ ಹೆಸರು ತೆಗೆದುಕೊಂಡಿದ್ದು ಸರಿಯಾದ ತೀರ್ಮಾನ.

ಬೇರೆಯವರು ಹೇಗೆ ಮರಳಿದರು?

ಬ್ರಿಟಿಷ್ ಹಾಸ್ಯದಲ್ಲಿ ಹಳೆಯ ಪಾತ್ರಗಳು ಮರಳುವುದು ಈಗ ಜೋರಾಗಿದೆ, ಎಲ್ಲರಿಗೂ ಬೀನ್‌ನ ಕಷ್ಟ ಇಲ್ಲ.

ಸ್ಟೀವ್ ಕೂಗನ್ ಅವರ ಆಲನ್ ಪಾರ್ಟ್ರಿಜ್ 1991ರಲ್ಲಿ ಬಿಬಿಸಿ ರೇಡಿಯೋದಲ್ಲಿ ಹುಟ್ಟಿದವನು, 2025ರಲ್ಲಿ ಬಿಬಿಸಿಯ ಹೊಸ ಸರಣಿಯಲ್ಲಿ ಮತ್ತೆ ಬಂದ. ತನ್ನ ಬಗ್ಗೆ ತಾನೇ ದೊಡ್ಡದಾಗಿ ಅಂದುಕೊಂಡ ಟಿವಿ ನಿರೂಪಕ ಅವನು. ಅಂಥವನಿಗೆ ವಯಸ್ಸಾದಷ್ಟೂ ಹಾಸ್ಯ ಹೆಚ್ಚು. ಕಾಲ ಮುಂದೆ ಹೋಗಿದೆ, ಅವನು ಹಿಂದೆ ಉಳಿದಿದ್ದಾನೆ, ಅದೇ ಅವನ ಕಥೆ. ಹಾಗಾಗಿ ಕೂಗನ್ ಮುಖದ ಸುಕ್ಕು ಪಾತ್ರಕ್ಕೆ ಲಾಭ.

ಸಿಡುಕ ಹೋಟೆಲ್ ಮಾಲೀಕ ಬೇಸಿಲ್ ಫಾಲ್ಟಿಯಾಗಿ ಜಾನ್ ಕ್ಲೀಸ್ ನಟಿಸಿದ ‘ಫಾಲ್ಟಿ ಟವರ್ಸ್’ ಇನ್ನೊಂದು ಬಗೆ. 1975 ಮತ್ತು 1979ರಲ್ಲಿ ಬಂದ ಬರೀ 12 ಕಂತು. ಜಾನ್ ಕ್ಲೀಸ್ ಮಗಳು ಕಮಿಲಾ ಜೊತೆ ಸೇರಿ ಹೊಸ ಸರಣಿ ಮಾಡುವ ಸುದ್ದಿ 2023ರಲ್ಲಿ ಬಂತು. ಅದಕ್ಕಿಂತ ಮೊದಲು ಜನ ನೋಡಿದ್ದು ರಂಗರೂಪವನ್ನು. 2024ರಲ್ಲಿ ಲಂಡನ್ ರಂಗಮಂದಿರದಲ್ಲಿ ಬೇರೆ ನಟರು ಬೇಸಿಲ್ ಫಾಲ್ಟಿ ಆದರು. ಬೇಸಿಲ್ ಇರುವುದು ಹೆಚ್ಚಾಗಿ ಮಾತಿನಲ್ಲಿ, ಬೈಗುಳದಲ್ಲಿ. ಬರೆದಿಟ್ಟ ಮಾತನ್ನು ಒಳ್ಳೆಯ ನಟ ಯಾರಾದರೂ ಆಡಬಹುದು.

ಮಣ್ಣಿನ ಗೊಂಬೆಗಳಾದ ವಾಲೇಸ್ ಮತ್ತು ಗ್ರಾಮಿಟ್‌ಗೆ ವಯಸ್ಸೇ ಆಗುವುದಿಲ್ಲ. ವಾಲೇಸ್‌ಗೆ ದನಿಯಾಗಿದ್ದ ಪೀಟರ್ ಸ್ಯಾಲಿಸ್ 2017ರಲ್ಲಿ ತೀರಿಕೊಂಡರು. 2024ರ ಕ್ರಿಸ್‌ಮಸ್‌ಗೆ ಬಂದ ಹೊಸ ಚಿತ್ರದಲ್ಲಿ ಬೆನ್ ವೈಟ್‌ಹೆಡ್ ದನಿ ಕೊಟ್ಟರು. ಪ್ರೇಕ್ಷಕರು ಒಪ್ಪಿಕೊಂಡರು.

ಬೀನ್ ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ. ವಯಸ್ಸು ಅವನಿಗೆ ಲಾಭ ಅಲ್ಲ, ಬರೆದಿಟ್ಟ ಮಾತಿಲ್ಲ, ಅವನು ಗೊಂಬೆಯೂ ಅಲ್ಲ. ಅವನನ್ನು ಬರೆದಿಟ್ಟಿರುವುದು ಒಬ್ಬ ಮನುಷ್ಯನ ಮೈಯಲ್ಲಿ. ಗೊಂಬೆಯ ದಾರಿಗೆ ಹೋಗಬೇಕಾದರೆ ಅವನು ಚಿತ್ರವಾಗಬೇಕು. ಕಾರ್ಟೂನ್ ಆಗಿದ್ದು ಅದೇ.

ಮುಂದೇನು?

ನಟನಾಗಿ ಅಟ್ಕಿನ್ಸನ್ ಇರುವ ಪೂರ್ತಿ ಬೀನ್ ಸರಣಿ ಬರುವ ಸಾಧ್ಯತೆ ತೀರಾ ಕಡಿಮೆ. ಐದು ನಿಮಿಷದ ಅತಿಥಿ ಪಾತ್ರ ಬರಬಹುದು, ಹಿಂದೆಯೂ ಬಂದಿದೆ. ಕಾರ್ಟೂನ್ ಮುಂದುವರಿಯುತ್ತದೆ. ಬಿಂಗ್ಲಿ ಮೂರನೇ ಸಲ ಬಂದರೂ ಆಶ್ಚರ್ಯ ಇಲ್ಲ, ಯಾಕೆಂದರೆ ಆ ಅಚ್ಚು ಸುಲಭ: ಒಂದು ದುಬಾರಿ ಮನೆ, ಮನೆ ಕಾಯುವ ಒಬ್ಬ, ಅವನ ಮಾತು ಕೇಳದ ಒಂದು ಜೀವ. ಮೈಗೆ ಆಗುವ ಶ್ರಮವನ್ನು ತಂತ್ರಜ್ಞಾನ ಸ್ವಲ್ಪ ಇಳಿಸುತ್ತದೆ. ಮೊದಲ ಸರಣಿಯ ದುಂಬಿ ಕಂಪ್ಯೂಟರ್‌ನಲ್ಲಿ ಮಾಡಿದ್ದು, ಅಟ್ಕಿನ್ಸನ್ ಖಾಲಿ ಗಾಳಿಯ ಜೊತೆ ಗುದ್ದಾಡಿದ್ದಾರೆ. ಕೂಸಿನ ವಿಷಯದಲ್ಲಿ ಹಾಗೆ ಮಾಡುವುದು ಕಷ್ಟ. ಎಳೆ ಮಕ್ಕಳನ್ನು ದಿನಕ್ಕೆ ಇಷ್ಟೇ ಹೊತ್ತು ಶೂಟಿಂಗಿಗೆ ಬಳಸಬಹುದು ಎಂಬ ಕಟ್ಟುನಿಟ್ಟು ಬ್ರಿಟನ್ನಿನಲ್ಲಿದೆ, ಹಾಗಾಗಿ ಸಾಮಾನ್ಯವಾಗಿ ಅವಳಿ ಮಕ್ಕಳನ್ನು ಹುಡುಕುತ್ತಾರೆ.

ಆದರೆ ನಿಜವಾದ ತಲೆನೋವು ಬೇರೆ ಕಡೆಯಿಂದ ಬರುತ್ತಿದೆ. ‘ಬೀನ್ ಇನ್ನಿಲ್ಲ’ ಎಂಬ ಸುಳ್ಳು ಸುದ್ದಿ ಎಷ್ಟೋ ಬಾರಿ ಹರಡಿದೆ. ತಿದ್ದಿದ ಫೋಟೋ, ಇಲ್ಲದ ಸಿನಿಮಾದ ಪೋಸ್ಟರ್ ಕೂಡ ಓಡಾಡಿವೆ. ಈಗ ಎಐ ಬಳಸಿ ಅದೇ ಮುಖ, ಅದೇ ನಡಿಗೆಯ ವಿಡಿಯೋ ಮಾಡುವುದು ಸುಲಭ. ಮಾತಿಲ್ಲದ ಪಾತ್ರ ಬೇರೆ, ದನಿ ಹೊಂದಿಸುವ ಕಷ್ಟವೂ ಇಲ್ಲ. ಆರು ಗಂಟೆಯ ಸ್ಪಷ್ಟ ದೃಶ್ಯ ಎಐನ ಕಲಿಕೆಗೆ ಸಿದ್ಧವಾಗಿದೆ. ಮೂವತ್ತೈದರ ಬೀನ್‌ನನ್ನು ಯಂತ್ರದಿಂದ ಎಬ್ಬಿಸಬೇಕು ಎಂಬ ಆಸೆ ಯಾರಿಗಾದರೂ ಬಂದೇ ಬರುತ್ತದೆ.

ಹಿಂದೆ ಒಮ್ಮೆ ಇಂಥದ್ದು ಆಗಿದೆ. ‘ಪಿಂಕ್ ಪ್ಯಾಂಥರ್’ ಹಾಸ್ಯ ಸಿನಿಮಾಗಳಲ್ಲಿ ಇನ್‌ಸ್ಪೆಕ್ಟರ್ ಕ್ಲೂಸೋ ಪಾತ್ರ ಮಾಡಿದ ಪೀಟರ್ ಸೆಲರ್ಸ್ 1980ರಲ್ಲಿ ತೀರಿಕೊಂಡರು. 1982ರಲ್ಲಿ ಅವರ ಹಳೆಯ, ಬಳಸದೆ ಬಿಟ್ಟ ದೃಶ್ಯಗಳನ್ನು ಜೋಡಿಸಿ ಹೊಸ ಸಿನಿಮಾ ಮಾಡಿದರು. ಅವರ ಪತ್ನಿ ಲಿನ್ ಫ್ರೆಡರಿಕ್ ಕೋರ್ಟಿಗೆ ಹೋದರು, ಗೆದ್ದರು. ಆಗ ಕೈಯಲ್ಲಿದ್ದದ್ದು ನಿಜವಾಗಿ ತೆಗೆದ ಫಿಲಂ. ಈಗ ಅದೂ ಬೇಡ.

ಬ್ರಿಟನ್ನಿನಲ್ಲಿ ಒಬ್ಬರ ಮುಖ, ಚಹರೆ ಅವರ ಆಸ್ತಿ ಎಂದು ಹೇಳುವ ಪ್ರತ್ಯೇಕ ಕಾನೂನು ಇಲ್ಲ. ಒಪ್ಪಿಗೆ ಇಲ್ಲದೆ ತನ್ನ ಚಿತ್ರ ಹಾಕಿದ ಟೀ ಶರ್ಟ್ ವಿರುದ್ಧ ಗಾಯಕಿ ರಿಹಾನಾ ಅಲ್ಲಿ ಗೆದ್ದಿದ್ದು ಬೇರೆ ನೆಲೆಯ ಮೇಲೆ, ಗ್ರಾಹಕರು ಇದು ಆಕೆಯೇ ಒಪ್ಪಿದ ಸರಕು ಅಂದುಕೊಂಡು ಮೋಸ ಹೋಗುತ್ತಾರೆ ಎಂಬ ವಾದದಿಂದ. ಇಂಡಿಯಾದಲ್ಲಿ ಈ ವಿಷಯ ಸ್ವಲ್ಪ ಮುಂದಿದೆ, ನಟ ಅನಿಲ್ ಕಪೂರ್ ಚಹರೆ ಮತ್ತು ದನಿಯ ದುರ್ಬಳಕೆಯನ್ನು ದೆಹಲಿ ಹೈಕೋರ್ಟ್ 2023ರಲ್ಲಿ ತಡೆದಿತ್ತು. ಹಾಲಿವುಡ್ ನಟರು ಅದೇ ವರ್ಷ ತಿಂಗಳುಗಟ್ಟಲೆ ಮುಷ್ಕರ ಕೂತು ಕೇಳಿದ ಬೇಡಿಕೆಗಳಲ್ಲಿ ಮುಖ್ಯವಾದದ್ದೂ ಇದೇ, ಒಪ್ಪಿಗೆ ಮತ್ತು ಸಂಭಾವನೆ ಇಲ್ಲದೆ ನಮ್ಮ ಡಿಜಿಟಲ್ ಪ್ರತಿ ಮಾಡಬೇಡಿ ಅನ್ನುವುದು.

ಬೀನ್ ವಿಷಯದಲ್ಲಿ ಕಥೆ ಇನ್ನೂ ಸಿಕ್ಕು. ಪಾತ್ರದ ಹಕ್ಕು ಕಂಪನಿಯದು, ಮುಖ ಅಟ್ಕಿನ್ಸನ್ ಅವರದು, ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ಕಾರ್ಟೂನ್‌ಗೆ ಇಬ್ಬರೂ ಒಪ್ಪಿದ್ದರಿಂದ ಜಗಳ ಇರಲಿಲ್ಲ. ಯಂತ್ರ ಮಾಡಿದ, ಥೇಟ್ ಮನುಷ್ಯನಂತೆ ಕಾಣುವ ಬೀನ್‌ಗೆ ಯಾರ ಒಪ್ಪಿಗೆ ಬೇಕು, ನಟರ ಕಾಲಾನಂತರ ಅದನ್ನು ಯಾರು ಕೊಡಬಹುದು ಎಂಬುದನ್ನು ಈಗಲೇ ಒಪ್ಪಂದದಲ್ಲಿ ಬರೆದಿಡುವುದು ಒಳ್ಳೆಯದು. ಅಟ್ಕಿನ್ಸನ್ ಕೆಲಸ ಮಾಡುತ್ತಿದ್ದಾರೆ, ತಮಗೇನು ಬೇಕು ಬೇಡ ಅಂತ ತಾವೇ ಹೇಳಬಲ್ಲರು. ಸೆಲರ್ಸ್‌ಗೆ ಆ ಅವಕಾಶ ಸಿಗಲಿಲ್ಲ.